ಫಕೀರವ್ವನ ಹೆಸರಿಗೆ ಹೊಡೆದ ಕಾಟು

ಊರ ಪುಸ್ತಕದಲ್ಲಿ ಫಕೀರವ್ವನ ಹೆಸರಿಗೆ ಕಾಟು ಹೊಡೆದವಳು ನಾನೇ. ಒಂದು ಸಲವಲ್ಲ, ಹದಿನಾಲ್ಕು ವರ್ಷಗಳಲ್ಲಿ ಎಷ್ಟು ಸಲ ಹೊಡೆದೆನೋ ನನಗೇ ನೆನಪಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಬೇರೆಯವರ ಮೇಲೆ ಹರಿಹಾಯುವುದನ್ನು ನೀವು ಕೇಳಬೇಕಾಗುತ್ತದೆ. ಆ ಅನ್ಯಾಯದಲ್ಲಿ ನನ್ನ ಪಾಲೂ ಇತ್ತು ಎಂಬುದು ನಿಮಗೆ ಗೊತ್ತಿರಲಿ.

ನಾನು ನಮ್ಮೂರಿನ ಹೈಸ್ಕೂಲಿನಲ್ಲಿ ರಸಾಯನಶಾಸ್ತ್ರ ಹೇಳಿಕೊಡುವ ಪ್ರಮೀಳಾ. ಮಧ್ಯಾಹ್ನ ಮೂರೂವರೆಗೆ ಶಾಲೆ ಬಿಟ್ಟ ಮೇಲೆ ದಾಖಲೆ ಮನೆಗೆ ಹೋಗಿ ಊರ ಪುಸ್ತಕ ಬರೆಯುತ್ತಿದ್ದೆ. ಆ ಕೆಲಸ ಯಾವಾಗಲೂ ರಸಾಯನಶಾಸ್ತ್ರದವರಿಗೇ ಸಿಗುತ್ತಿತ್ತು. ಮದುವೆ, ಜಗಳ, ಅಣ್ಣತಮ್ಮಂದಿರ ಪಾಲು, ಕೆಲಸಕ್ಕೆ ಸೇರಿದ್ದು, ಕೆಲಸ ಬಿಟ್ಟದ್ದು, ಊರಲ್ಲಿ ನಡೆದದ್ದೆಲ್ಲ ಆ ಪುಸ್ತಕಕ್ಕೆ ಬರಬೇಕು. ಎಡಗಡೆ ಯಾರು ಯಾರು ಬಂದರು ಎಂದು ಬರೆಯಬೇಕು, ಬಲಗಡೆ ಯಾರು ಏನಾಗಿ ಹೋದರು ಎಂದು. ಹೇಗೆ ಬಂದರೋ ಹಾಗೆಯೇ ಹೋದವರ ಹೆಸರಿಗೆ ಎರಡೂ ಕಡೆ ಕಾಟು ಹೊಡೆಯಬೇಕು. ಉಳಿದದ್ದೇ ನಿವ್ವಳ, ಉಳಿದದ್ದೇ ನಿಜ. ಕಾಟು ಬಿದ್ದವರು ಅಲ್ಲಿ ಇರಲೇ ಇಲ್ಲ. ನಾನು ನೋಡಿದೆ ಎಂದು ಅವರು ಹೇಳುವಂತಿಲ್ಲ, ಅವರಿದ್ದರು ಎಂದು ಇನ್ನೊಬ್ಬರು ಹೇಳುವಂತಿಲ್ಲ. ಬರೆಯುವವಳ ಹೆಸರಿಗಂತೂ ಮೊದಲ ಕಾಟು.

ಜನ ಇದಕ್ಕೆ ಒಗ್ಗಿಹೋಗಿದ್ದರು. ಮದುವೆಗೆ ಹೋದವರು ಬೇಕೆಂದೇ ಇನ್ನೊಬ್ಬರ ಚಪ್ಪಲಿ ಮೆಟ್ಟಿಕೊಂಡು ಬರುತ್ತಿದ್ದರು. ಏನೋ ಒಂದು ಬದಲಾಯಿತಲ್ಲ, ಹೆಸರು ಉಳಿಯುತ್ತಿತ್ತು. ಮಣ್ಣಿಗೆ ಹೋದ ಗಂಡಸರು ಮೀಸೆ ತೆಗೆಸಿಕೊಳ್ಳುತ್ತಿದ್ದರು. ತೊಟ್ಟಿಲ ಕಾರ್ಯಕ್ಕೆ ಹಸಿರು ಬಳೆ ತೊಟ್ಟು ಹೋದ ಹೆಂಗಸರು ಕೆಂಪು ಬಳೆ ತೊಟ್ಟು ಹೊರಗೆ ಬರುತ್ತಿದ್ದರು. ದಾಖಲೆ ಮನೆಯ ಎದುರಿಗೇ ಎರಡು ಕ್ಷೌರದ ಅಂಗಡಿ, ಮೂರು ಬಳೆ ಅಂಗಡಿ ಇದ್ದವು, ಚೆನ್ನಾಗಿಯೇ ನಡೆಯುತ್ತಿದ್ದವು. ಅಡುಗೆ ಮಾಡಿದವರಿಗೆ, ನೀರು ಹೊತ್ತವರಿಗೆ, ಎಂಜಲೆಲೆ ಎತ್ತಿದವರಿಗೆ ಇಂಥ ವೇಷಕ್ಕೆ ಪುರುಸೊತ್ತು ಎಲ್ಲಿಂದ ಬರಬೇಕು? ಅವರಿಗೆ ಕಾಟು. ನಾನು ಅಚ್ಚುಕಟ್ಟಾಗಿ ಹೊಡೆಯುತ್ತಿದ್ದೆ. ನನ್ನ ಪುಟಗಳಲ್ಲಿ ಒಂದೂ ಶಾಯಿಯ ಕಲೆ ಇಲ್ಲ ಎಂದು ದಾಖಲೆ ಮನೆಯ ಹಿರಿಯ ಅಂದಾನಯ್ಯನವರು ಬಂದವರಿಗೆಲ್ಲ ತೋರಿಸುತ್ತಿದ್ದರು. ನನಗೆ ಅದರಿಂದ ಹೆಮ್ಮೆಯಾಗುತ್ತಿತ್ತು ಎಂದು ಹೇಳಲು ಈಗ ನಾಚಿಕೆಯಾಗುತ್ತದೆ.

ಫಕೀರವ್ವ ರೊಟ್ಟಿ ಬಡಿದು ಮಾರುವ ಹೆಂಗಸು. ಅರವತ್ತರ ಹತ್ತಿರದ ವಯಸ್ಸು, ದಪ್ಪ ನೂಲಿನ ಸೀರೆ, ಕೈಯಲ್ಲಿ ಒಂದು ಬಟ್ಟೆಯ ಚೀಲ. ಬೆಳಿಗ್ಗೆ ರೊಟ್ಟಿ ಮುಗಿಸಿದರೆ ಆಮೇಲೆ ಆಕೆ ಊರಿನವಳು. ಆಸ್ಪತ್ರೆಗೆ ಒಬ್ಬಳೇ ಹೋಗಲು ಹೆದರಿದವಳು ಆಕೆಯನ್ನು ಕರೆಯುತ್ತಿದ್ದಳು. ಗಂಡನ ಮನೆಯಲ್ಲಿ ಮಾತು ಕೇಳಿಸಿಕೊಳ್ಳಬೇಕಾದವಳು, ಪೊಲೀಸ್ ಸ್ಟೇಷನ್ನಿನ ಮೆಟ್ಟಿಲು ಹತ್ತಬೇಕಾದವನು, ಎಲ್ಲರೂ ಕರೆಯುತ್ತಿದ್ದರು. ಆಕೆ ಅಲ್ಲಿ ಹೋಗಿ ಏನೂ ಮಾಡುತ್ತಿರಲಿಲ್ಲ, ವಾದ ಮಾಡುತ್ತಿರಲಿಲ್ಲ, ಕಣ್ಣೀರು ಒರೆಸುತ್ತಿರಲಿಲ್ಲ. ಬೆಂಚಿನ ಮೇಲೆ ಚೀಲ ತೊಡೆಗಿಟ್ಟುಕೊಂಡು ಕೂತು, ನಡೆದದ್ದನ್ನು ನೋಡಿ, ಕರೆದುಕೊಂಡು ಬಂದವರನ್ನು ಮನೆ ಮುಟ್ಟಿಸಿ ಹೋಗುತ್ತಿದ್ದಳು. ಹೋಗುವಾಗ ಯಾವ ಚಪ್ಪಲಿಯೋ ಬರುವಾಗಲೂ ಅದೇ. ಹಾಗಾಗಿ ಎಲ್ಲ ಕಡೆ ಕಾಟು.

ಕಸ್ತೂರಿಗೆ ಇಪ್ಪತ್ತೆರಡು ವರ್ಷ. ಶಂಕ್ರೆಪ್ಪ ಅವರ ಬಣ್ಣದ ಕಾರ್ಖಾನೆಯಲ್ಲಿ ಹಳದಿ ತೊಟ್ಟಿಯ ಮೇಲೆ ಕೆಲಸ ಮಾಡುತ್ತಿದ್ದಳು. ಒಂದು ತೊಟ್ಟಿಯಲ್ಲಿ ಸೀಸದ ನೈಟ್ರೇಟ್ ಕರಗಿಸಿದ ತಿಳಿನೀರು, ಇನ್ನೊಂದರಲ್ಲಿ ಪೊಟ್ಯಾಸಿಯಂ ಕ್ರೋಮೇಟ್ ಕರಗಿಸಿದ ನೀರು. ಎರಡನ್ನೂ ಕೂಡಿಸಿದ ಕ್ಷಣ ಅರಿಶಿನಕ್ಕಿಂತ ಗಾಢವಾದ ಪುಡಿ ಉಂಟಾಗಿ ತಳಕ್ಕೆ ಕೂರುತ್ತದೆ. ಅದೇ ಬಣ್ಣ. ಅದನ್ನು ಬಟ್ಟೆಯಲ್ಲಿ ಸೋಸಿ, ಬರಿಗೈಯಲ್ಲಿ ಹಿಂಡಿ, ಹಲಗೆಯ ಮೇಲೆ ಹರವುವವರು ಹನ್ನೊಂದು ಹೆಂಗಸರು. ಸೀಸ ಮೈಗೆ ಸೇರಿದರೆ ಏನಾಗುತ್ತದೆ ಎಂದು ನಾನು ಪಾಠದಲ್ಲಿ ಹೇಳುತ್ತಿದ್ದೆ. ಕಸ್ತೂರಿಗೆ ಪಾಠ ಬೇಕಿರಲಿಲ್ಲ, ಆಕೆಯ ತಾಯಿ ಮನೆಯಲ್ಲೇ ಇದ್ದಳು. ಇಪ್ಪತ್ತು ವರ್ಷ ಅದೇ ತೊಟ್ಟಿಯಲ್ಲಿ ದುಡಿದ ತಾಯಿಯ ಎರಡೂ ಮುಂಗೈ ಜೋತುಬಿದ್ದಿದ್ದವು, ಅನ್ನದ ತುತ್ತು ಎತ್ತಲು ಬರುತ್ತಿರಲಿಲ್ಲ. ಇಬ್ಬರೂ ಕಾರ್ಖಾನೆಯವರು ಕೆಲಸದವರಿಗೆಂದು ಕೊಟ್ಟ ಲೈನ್ ಮನೆಯಲ್ಲಿ ಇದ್ದರು. ಕೈಗೆ ಗವಸು ಕೊಡಿ ಎಂದು ಕಸ್ತೂರಿ ಒಂದು ಅರ್ಜಿ ಬರೆದು ಕೊಟ್ಟಳು. ಮರುದಿನವೇ ಆಫೀಸಿಗೆ ಕರೆ ಬಂತು.

ಆಕೆ ಫಕೀರವ್ವನನ್ನು ಜೊತೆಗೆ ಕರೆದುಕೊಂಡು ಹೋದಳು. ಕೆಲಸದ ಸಂಗತಿಯಾದ್ದರಿಂದ ಬರೆಯಲು ನನ್ನನ್ನೂ ಕರೆಸಿದರು. ಅಂದರೆ ನಾನು ಆ ಕೋಣೆಯಲ್ಲಿ ಇದ್ದೆ. ಶಂಕ್ರೆಪ್ಪ ಇದ್ದರು, ಅವರ ಗುಮಾಸ್ತ ಮುರಿಗೆಪ್ಪ ಇದ್ದ.

"ಗ್ಲೌಸ್ ಬೇಕಂತಲ್ಲ ನಿನಗ? ಯಾವ ಸಾಹೇಬನ ಮಗಳು ನೀ?" ಎಂದರು ಶಂಕ್ರೆಪ್ಪ.

"ನನಗೊಬ್ಬಾಕೀಗಲ್ರಿ. ಹನ್ನೊಂದು ಮಂದಿ ಅದೀವಿ," ಎಂದಳು ಕಸ್ತೂರಿ.

ಶಂಕ್ರೆಪ್ಪ ಮೇಜಿನ ಮೇಲೆ ಒಂದು ಕಾಗದ ಸರಿಸಿದರು. "ರಾಜೀನಾಮೆ ಬರಸೀನಿ. ಸಹಿ ಮಾಡಿ ಹೋಗು."

"ಮಾಡಂಗಿಲ್ರಿ. ನಾ ಕೆಲಸ ಬಿಡಂಗಿಲ್ಲ."

"ಮಾಡು ಅಂದೆ."

"ಬಿಡಂಗಿಲ್ಲ ಅಂದ್ನಲ್ರಿ. ನೀವ ತಗದರ ತಗೀರಿ. ನಾ ಬಿಟ್ಟೆ ಅಂತ ಬರಕೊಡಾಂಗಿಲ್ಲ."

"ಹಂಗಾರ ನಾಳಿಂದ ಗೇಟಿನೊಳಗ ಕಾಲಿಡಬ್ಯಾಡ," ಎಂದು ಅವರು ಎದ್ದರು. ಆಗ ಮುರಿಗೆಪ್ಪ ಮೇಜಿನ ಮೇಲಿದ್ದ ಶಾಯಿಯ ಬಾಟಲಿ ಎತ್ತಿ, ನಿಧಾನಕ್ಕೆ, ಯಾರೋ ಗಿಡಕ್ಕೆ ನೀರು ಹಾಕುವಂತೆ, ತನ್ನ ಬಿಳಿ ಅಂಗಿಯ ಎದೆಗೆ ಸುರಿದುಕೊಂಡ. ಬಿಳಿ ಅಂಗಿಯಲ್ಲಿ ಬಂದವನು ನೀಲಿ ಅಂಗಿಯಲ್ಲಿ ಹೋದ. ಆತನ ಹೆಸರು ಪುಸ್ತಕದಲ್ಲಿ ಉಳಿಯಿತು. ಫಕೀರವ್ವ ಬೆಂಚಿನಿಂದ ಎದ್ದು ಸೆರಗು ಸರಿಮಾಡಿಕೊಂಡು, "ನಡಿ ಮಗಳ," ಎಂದಳು. ಅಷ್ಟೇ.

ನಾನು ಬರೆದೆ. ಎಡಗಡೆ ಕೆಲಸವಿದ್ದ ಕಸ್ತೂರಿ, ಬಲಗಡೆ ಕೆಲಸವಿಲ್ಲದ ಕಸ್ತೂರಿ. ಒಬ್ಬ ಆಳು ಕಡಿಮೆಯಾದ್ದರಿಂದ ಶಂಕ್ರೆಪ್ಪನವರ ಹೆಸರೂ ಉಳಿಯಿತು. ಆಡಿದ ಮಾತಿಗೆ ಪುಸ್ತಕದಲ್ಲಿ ಜಾಗವಿಲ್ಲ. ಮಾತು ನೀರಿನಲ್ಲಿ ಕರಗಿದ್ದು, ತಳಕ್ಕೆ ಕೂತದ್ದನ್ನು ಮಾತ್ರ ಬರೆಯಬೇಕು. ನನ್ನ ಹೆಸರಿಗೆ ಕಾಟು ಹೊಡೆದೆ, ಫಕೀರವ್ವನ ಹೆಸರಿಗೆ ಹೊಡೆದೆ. ನಿವ್ವಳ: "ಕಸ್ತೂರಿಯೂ ಕೆಲಸವೂ ಬೇರೆಯಾದವು." ಶಾಯಿ ಆರಿದ ಮೇಲೆ ಮನೆಗೆ ಹೋಗಿ ಚಹಾ ಕುಡಿದೆ. ಹೌದು, ಕುಡಿದೆ.

ಹದಿನೈದು ದಿನಕ್ಕೆ ಲೈನ್ ಮನೆಯ ಬಾಗಿಲಿಗೆ ನೋಟಿಸು ಅಂಟಿತು. ಕಾರ್ಖಾನೆಯವರು ತೆಗೆದುಹಾಕಿದವರಾದರೆ ವಿಚಾರಣೆ ಆಗಬೇಕು, ಅಲ್ಲಿಯವರೆಗೆ ಮನೆ ಬಿಡಿಸುವಂತಿಲ್ಲ. ತಾವಾಗಿ ಬಿಟ್ಟವರಾದರೆ ತಿಂಗಳೊಳಗೆ ಖಾಲಿ ಮಾಡಬೇಕು. ಕಸ್ತೂರಿ ತಾನಾಗಿಯೇ ಬಿಟ್ಟಳು ಎಂದು ಶಂಕ್ರೆಪ್ಪ ಹೇಳಿದರು. ಸಾಕ್ಷಿ ಯಾರು? ಮುರಿಗೆಪ್ಪ, ಪುಸ್ತಕದಲ್ಲಿ ಹೆಸರಿದೆ. ಕಸ್ತೂರಿಯ ಕಡೆ ಸಾಕ್ಷಿ? ಯಾರೂ ಇಲ್ಲ. ನಾನು ಬರೆದ ವಾಕ್ಯವನ್ನೇ ಅವರು ಎತ್ತಿ ತೋರಿಸಿದರು. ಬೇರೆಯಾದವು ಎಂದಿದೆ, ಬೇರೆ ಮಾಡಿದರು ಎಂದಿಲ್ಲವಲ್ಲ!

ಕಸ್ತೂರಿ ಶಾಲೆಗೆ ಬಂದಳು. ನಾನು ಒಂಬತ್ತನೆಯ ತರಗತಿಗೆ ಅದೇ ಪಾಠ ಮಾಡುತ್ತಿದ್ದೆ, ಅದೇ ಹಳದಿ ಪುಡಿಯ ಪಾಠ. ಮೊದಲು ಪೂರ್ತಿ ಸಮೀಕರಣ ಬರೆಯಿರಿ. ನೀರಿನಲ್ಲಿ ಕರಗಿದ್ದನ್ನೆಲ್ಲ ಅಯಾನುಗಳಾಗಿ ಬಿಡಿಸಿ. ತಳಕ್ಕೆ ಕೂತ ಗಟ್ಟಿ ಪದಾರ್ಥವನ್ನು ಬಿಡಿಸಬೇಡಿ. ಎರಡೂ ಕಡೆ ಒಂದೇ ರೀತಿ ಇರುವವು ಪ್ರೇಕ್ಷಕ ಅಯಾನುಗಳು, ಅವಕ್ಕೆ ಕಾಟು. ಪೊಟ್ಯಾಸಿಯಂಗೆ ಕಾಟು, ನೈಟ್ರೇಟ್‌ಗೆ ಕಾಟು. ಉಳಿದದ್ದು ಸೀಸ, ಕ್ರೋಮೇಟ್, ಬಾಣದ ಗುರುತು, ಹಳದಿ ಪುಡಿ. ಎರಡೂ ಕಡೆಯ ವಿದ್ಯುದಂಶ ಸರಿತೂಗಿದರೆ ಮುಗಿಯಿತು. ಮುಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ಕೇಳಿದಳು: "ಅಕ್ಕೋರ, ಕಾಟು ಹೊಡದ ನೈಟ್ರೇಟ್ ಎಲ್ಲಿ ಹೋತ್ರಿ?"

"ಎಲ್ಲೂ ಹೋಗಿಲ್ಲ. ನೀರಾಗ ಐತಿ. ನಾವು ಬರೆಯೂದಿಲ್ಲ, ಅಷ್ಟ," ಎಂದೆ. ಪ್ರತಿ ವರ್ಷ ಯಾರಾದರೂ ಕೇಳುತ್ತಿದ್ದರು, ಪ್ರತಿ ವರ್ಷ ನಾನು ಇದನ್ನೇ ಹೇಳುತ್ತಿದ್ದೆ. ಈ ಸಲ ಹೇಳಿ ತಿರುಗಿದರೆ ಬಾಗಿಲಲ್ಲಿ ಕಸ್ತೂರಿ ನಿಂತಿದ್ದಳು.

"ನೀವೂ ಅಲ್ಲೇ ಇದ್ರಿ ಅಕ್ಕೋರ," ಎಂದಳು. "ನಾ ಬಿಡಂಗಿಲ್ಲ ಅಂದದ್ದು ಕೇಳೀರಿ."

ಹೊರಗೆ ಕರೆದುಕೊಂಡು ಹೋಗಿ ಹೇಳಿದೆ: "ನನ್ನ ಹೆಸರಿಗೂ ಕಾಟು ಐತಿ ಕಸ್ತೂರಿ. ನಾ ಹೇಳಾಕ ಬರಂಗಿಲ್ಲ. ಫಕೀರವ್ವನೂ ಹೇಳಾಕ ಬರಂಗಿಲ್ಲ."

"ಅಂದ್ರ ಕಾಟು ಹೊಡದ ಮ್ಯಾಲೆ ನಿಮ್ಮ ಕಿವಿ ಉದುರಿ ಬಿದ್ದುವೇನ್ರಿ?"

ಆಕೆ ಅಳಲೂ ಇಲ್ಲ, ಕೈಮುಗಿಯಲೂ ಇಲ್ಲ. ಉಗುರುಗಳು ಹಳದಿಯಾಗಿದ್ದ ಕೈಯಿಂದ ಸೆರಗು ಸಿಗಿಸಿಕೊಂಡು ಹೋದಳು. ನಾನು ಕ್ಲಾಸಿಗೆ ವಾಪಸು ಬಂದೆ. ಬೋರ್ಡಿನ ಮೇಲೆ ನನ್ನ ಕಾಟುಗಳು ಎಷ್ಟು ನೇರವಾಗಿದ್ದವು! ಆ ನೇರ ಗೆರೆಗಳನ್ನು ನೋಡಿ ನನಗೆ ಬಂದ ಸಿಟ್ಟು ಈ ಜನ್ಮದಲ್ಲಿ ಇನ್ನಾವುದಕ್ಕೂ ಬಂದಿರಲಿಲ್ಲ. ಮಕ್ಕಳ ಪಾಠಕ್ಕೆಂದು ಇರುವ ಒಂದು ಬರವಣಿಗೆಯ ಅನುಕೂಲವನ್ನು ತಂದು ಮನುಷ್ಯರ ಮೇಲೆ ಹೇರಿದವರು ಯಾರು? ಯಾರಾದರೂ ಆಗಲಿ, ಹದಿನಾಲ್ಕು ವರ್ಷ ಹೇರಿದವಳು ನಾನು. ಪಾಠ ಗೊತ್ತಿದ್ದವಳು ನಾನೊಬ್ಬಳೇ. ಬೀಕರಿನೊಳಗೆ ನೈಟ್ರೇಟ್ ಇದೆ ಎಂದು ತಿಳಿದಿದ್ದವಳು ನಾನೊಬ್ಬಳೇ.

ದಾಖಲೆಯನ್ನು ಮರುಪರಿಶೀಲಿಸಬೇಕೆಂದು ಅರ್ಜಿ ಕೊಟ್ಟೆ. ಶನಿವಾರ ಬೆಳಿಗ್ಗೆ ಹತ್ತಕ್ಕೆ ವಿಚಾರಣೆ ಎಂದಾಯಿತು. ದಾಖಲೆ ಮನೆಯ ದೊಡ್ಡ ಮೇಜಿನ ಆಚೆ ಅಂದಾನಯ್ಯನವರು, ಒಂದು ಪಕ್ಕ ಶಂಕ್ರೆಪ್ಪ ಮತ್ತು ಮುರಿಗೆಪ್ಪ, ಇನ್ನೊಂದು ಪಕ್ಕ ಕಸ್ತೂರಿ, ಅವಳ ಹಿಂದಿನ ಬೆಂಚಿನ ಮೇಲೆ ಫಕೀರವ್ವ. ನಾನು ಶಾಲೆಯಿಂದ ಎರಡು ಬಾಟಲಿ, ಬೀಕರು, ಆಲಿಕೆ, ಸೋಸುವ ಕಾಗದ ತಂದಿದ್ದೆ. ಎಲ್ಲರೆದುರು ಎರಡು ನೀರನ್ನು ಕೂಡಿಸಿದೆ. ಹಳದಿ ಪುಡಿ ಬಂತು. ಸೋಸಿದೆ. ಪುಡಿ ಕಾಗದದ ಮೇಲೆ ಉಳಿಯಿತು, ಕೆಳಗೆ ತಿಳಿನೀರು ಇಳಿಯಿತು.

"ಈ ನೀರಿನಾಗ ಏನೈತ್ರಿ?" ಎಂದು ಕೇಳಿದೆ.

"ಏನೂ ಇಲ್ಲ. ಚೆಲ್ಲೂ ನೀರು ಅದು," ಎಂದರು ಶಂಕ್ರೆಪ್ಪ. "ದಿನಾ ಚೆಲ್ತೀವಿ."

ಇಂಥದೇ ನೀರನ್ನು ನಾನು ಹಿಂದಿನ ದಿನ ಕುದಿಸಿ ಕುದಿಸಿ ಗಟ್ಟಿ ಮಾಡಿದ್ದೆ. ಅದರಲ್ಲಿ ಕಡ್ಡಿ ಅದ್ದಿ ಒಂದು ಬಿಳಿ ಕಾಗದದ ಮೇಲೆ ಬರೆದು ಒಣಗಿಸಿ ತಂದಿದ್ದೆ. ಕಾಗದ ಎತ್ತಿ ಅಂದಾನಯ್ಯನವರ ಕೈಗೆ ಕೊಟ್ಟೆ. ತಿರುಗಿಸಿ ಮುರುಗಿಸಿ ನೋಡಿ, "ಖಾಲಿ ಐತಲ್ಲ," ಎಂದರು. ಊದಿನಕಡ್ಡಿ ಹಚ್ಚಿ ಅದರ ಕೆಂಡವನ್ನು ಕಾಗದದ ಎಡ ಅಂಚಿಗೆ ಮುಟ್ಟಿಸಿದೆ. ಜ್ವಾಲೆ ಏಳಲಿಲ್ಲ. ಒಂದು ಕೆಂಪು ಕಿಡಿ ಹುಳದಂತೆ ತೆವಳುತ್ತ, ಬೇರೆಲ್ಲಿಯೂ ಕಾಗದ ಸುಡದೆ, ನಾನು ಬರೆದ ದಾರಿಯಲ್ಲೇ ಹೋಯಿತು. ಅದು ಹೋದಲ್ಲೆಲ್ಲ ಕಾಗದ ತೂತಾಯಿತು. ತೂತುಗಳು ಸೇರಿ ಅಕ್ಷರಗಳಾದವು. ಮುರಿಗೆಪ್ಪ ಒಂದೊಂದಾಗಿ ಗಟ್ಟಿಯಾಗಿಯೇ ಓದಿಬಿಟ್ಟ: "ಫ, ಕೀ, ರ, ವ್ವ."

"ನೀವು ಚೆಲ್ಲೂ ನೀರಿನಾಗಿರೂದು ಪೆಟ್ಲುಪ್ಪು," ಎಂದೆ. ನನ್ನ ದನಿ ಏರಿತ್ತು, ಇಳಿಸಲು ನಾನು ಪ್ರಯತ್ನಿಸಲಿಲ್ಲ. "ಮದ್ದಿಗೆ ಹಾಕ್ತಾರಲ್ಲ, ಅದು. ಕಾಟು ಹೊಡದ ಎರಡೂ ಅಯಾನು ಇಲ್ಲೇ ಅದಾವು, ಒಂದು ಚೂರೂ ಕಡಿಮಿ ಆಗಿಲ್ಲ. ಮತ್ತ ಇನ್ನೊಂದು ಕೇಳ್ರಿ. ಸೀಸ ತಾನೊಂದ ಬಾಟಲಿಯೊಳಗ ಬರಂಗಿಲ್ಲ. ನೈಟ್ರೇಟಿನಂಥಾದ್ದರ ಜೊತಿಗೆ ಬಂದರ ಮಾತ್ರ ನೀರಿನಾಗ ಕರಗಿ ಬರತೈತಿ. ಜೊತಿಗೆ ಬಂದದ್ದು ಇರಲಿಲ್ಲ ಅಂದ್ರ ಆ ಪುಡಿನೂ ಇರತಿರಲಿಲ್ಲ. ಇದು ಬರೆಯೂ ಪದ್ಧತಿ ಯಜಮಾನ್ರ, ಇದ್ದವರನ್ನ ಇಲ್ಲ ಅನ್ನೂ ಪದ್ಧತಿ ಅಲ್ಲ!"

ಅಂದಾನಯ್ಯನವರು ಸುಟ್ಟ ಕಾಗದವನ್ನು ಬೆಳಕಿಗೆ ಹಿಡಿದು ನೋಡಿದರು. ಕೆಟ್ಟ ಮನುಷ್ಯರಲ್ಲ. ಅದೇ ನನಗೆ ಇನ್ನಷ್ಟು ಸಿಟ್ಟು ತರಿಸುವ ಸಂಗತಿ; ನಮ್ಮೂರಿನಲ್ಲಿ ಕೆಟ್ಟವರಿಗಿಂತ ಇಂಥ ಒಳ್ಳೆಯವರಿಂದಲೇ ಹೆಚ್ಚು ಮನೆ ಹಾಳಾಗಿವೆ. "ಚಂದ ತೋರಿಸಿದ್ರಿ ಅಕ್ಕೋರ," ಎಂದರು. "ಆದರ ಪುಸ್ತಕದ ನಿಯಮ ನಿಯಮನ. ಒಂದು ಹಾದಿ ಐತಿ. ಫಕೀರವ್ವ ಆ ಹೊತ್ತಿನಾಗ ಏನರ ಬದಲಾಗಿದ್ದರ ಕಾಟು ತಗೀಬಹುದು." ಆಮೇಲೆ ಬೆಂಚಿನ ಕಡೆ ತಿರುಗಿ, ಮಗುವಿಗೆ ಹೇಳುವಂತೆ ಹೇಳಿದರು: "ಫಕೀರವ್ವ, ಅವತ್ತು ಅಲ್ಲಿಂದ ಬಂದ ಮ್ಯಾಲೆ ನಿನಗ ಜ್ವರ ಬಂದಿತ್ತು ಅನ್ನು. ಇಲ್ಲಾ ಚಪ್ಪಲಿ ಉಂಗುಟ ಹರೀತು ಅನ್ನು. ಸಾಕು. ನಾ ತಗೀತೀನಿ."

ಕಸ್ತೂರಿ ಗಕ್ಕನೆ ತಿರುಗಿ ನೋಡಿದಳು. ನಾನೂ ನೋಡಿದೆ. ಅನ್ನು, ಫಕೀರವ್ವ, ಅಂದುಬಿಡು ಎಂದು ನಾನು ಒಳಗೊಳಗೇ ಬೇಡುತ್ತಿದ್ದೆ, ಸುಳ್ಳೇಕೆ ಹೇಳಲಿ.

ಫಕೀರವ್ವ ಚೀಲ ಬೆಂಚಿನ ಮೇಲಿಟ್ಟು ಎದ್ದು ನಿಂತಳು. ಆಕೆ ಒಂದು ಸಭೆಯಲ್ಲಿ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು.

"ಜ್ವರ ಬಂದಿಲ್ರಿ ಯಪ್ಪಾ. ಚಪ್ಪಲಿ ಗಟ್ಟಿ ಅದಾವು. ನಾ ಹೆಂಗ ಹೋಗಿದ್ನೋ ಹಂಗ ಬಂದೀನಿ. ಅಂಗಿಗೆ ಮಸಿ ಸುರುವಿಕೊಂಡಾವನ ಮಾತು ನಂಬ್ತೀರಿ. ಏನೂ ಸುರುವಿಕೊಳ್ದ, ಇದ್ದಾಂಗ ಕುಂತು, ಇದ್ದದ್ದು ಕೇಳಿ ಬಂದಾಕೀ ಮಾತು ನಂಬಂಗಿಲ್ಲ ಅಂತೀರಿ. ಬದಲಾಗಲಾರದ್ದಕ್ಕ ಅಲ್ಲೇನ್ರಿ ನನ್ನ ಮಾತು ನಂಬಬೇಕು? ಸುಳ್ಳು ಹೇಳಿ ಒಳಗ ಬಂದ ಮ್ಯಾಲೆ ನಾ ಖರೇ ಹೇಳಿದರ ಅದನ್ನ ಯಾರು ಕೇಳ್ತಾರ?"

ಕೂತಳು. ಚೀಲ ಮತ್ತೆ ತೊಡೆಗೆ ಬಂತು. ಅಂದಾನಯ್ಯನವರು ಬೋಳುತಲೆ ಸವರಿಕೊಂಡು, "ಹಂಗಾರ ನನ್ನ ಕೈಯಾಗ ಏನೂ ಇಲ್ಲ ತಾಯಿ," ಎಂದು ಪುಸ್ತಕ ಮುಚ್ಚಲು ಹೋದರು. ಶಂಕ್ರೆಪ್ಪ ಎದ್ದು ಪಂಚೆಯ ಚುಂಗು ಎತ್ತಿದರು. ಅವರ ಮುಖದಲ್ಲಿ ನಗುವೂ ಇರಲಿಲ್ಲ. ಮುಗಿದ ಒಂದು ಸಣ್ಣ ಕೆಲಸದಿಂದ ಎದ್ದು ಹೋಗುವವರ ಹಾಗೆ ಹೊರಟಿದ್ದರು. ಅದನ್ನು ನೋಡಿದ ಮೇಲೆ ನಾನು ಸುಮ್ಮನೆ ಇರುವುದು ಸಾಧ್ಯವಿರಲಿಲ್ಲ.

"ಪುಸ್ತಕ ಮುಚ್ಚಬ್ಯಾಡ್ರಿ," ಎಂದೆ. "ಆ ಪುಟದಾಗ ಕಾಟು ಬಿದ್ದಾಕಿ ಇನ್ನೊಬ್ಬಾಕಿ ಅದಾಳ. ನಾನು."

"ಬರೆಯೂರು ಲೆಕ್ಕಕ್ಕ ಬರಂಗಿಲ್ಲ," ಎಂದ ಮುರಿಗೆಪ್ಪ.

"ಯಾಕ ಬರಂಗಿಲ್ಲ? ಬರೆಯೂರು ಬರೆಯೂರಾಗೇ ಹೊಳ್ಳಿ ಹೋಗ್ತಾರ, ಅದಕ್ಕ ಬರಂಗಿಲ್ಲ. ನಾ ಹೊಳ್ಳಿ ಹೋಗಿಲ್ಲ. ಆ ಕೋಣಿಯೊಳಗ ಬರಹಗಾರ್ತಿ ಅಂತ ಹೋದೆ. ಅಲ್ಲಿ ಕೇಳಿದ್ದು ನನ್ನ ತಲಿಯಾಗ ಕುಂತೈತಿ, ತಳಕ್ಕ ಕುಂತೈತಿ, ಅಲ್ಲಾಡ್ಸಿದರೂ ಕರಗವಲ್ದು. ಇನ್ನ ನಾ ಈ ಪುಸ್ತಕದಾಗ ಒಂದು ಕಾಟೂ ಹೊಡಿಯಂಗಿಲ್ಲ. ಅಲ್ಲಿ ಕೇಳಿದ್ದಕ್ಕನ ಇವತ್ತ, ಈಗ, ಈ ಕೆಲಸ ಬಿಟ್ಟೆ. ಯಜಮಾನ್ರ, ಬರಹಗಾರ್ತಿ ಹೋಗಿ ಬರಹಗಾರ್ತಿ ಅಲ್ಲದಾಕಿ ಆಗೀನಿ. ಇದು ಮೀಸೆ ಬೋಳಿಸಿದ್ದಕ್ಕಿಂತ ಸಣ್ಣ ಬದಲಾವಣಿ ಏನ್ರಿ?"

ಶಂಕ್ರೆಪ್ಪ ಏನೋ ಹೇಳಲು ಬಾಯಿ ತೆರೆದರು. ಅಂದಾನಯ್ಯನವರು ಕೈಯೆತ್ತಿ ತಡೆದರು. ಚಪ್ಪಲಿ ಬದಲಾದವರನ್ನು, ಬಳೆ ಬದಲಾದವರನ್ನು ನಲವತ್ತು ವರ್ಷ ಒಪ್ಪಿಕೊಂಡು ಬಂದ ಮನುಷ್ಯ. ಕೆಲಸವೇ ಬದಲಾದವಳನ್ನು ಒಪ್ಪುವುದಿಲ್ಲ ಎನ್ನಲು ಅವರ ನಿಯಮದಲ್ಲೇ ಜಾಗವಿರಲಿಲ್ಲ. ಪೆನ್ನು ಅವರೇ ತೆಗೆದುಕೊಂಡರು. ನಾನು ಹೇಳಿದ್ದನ್ನು ಅವರೇ ಕೈಯಾರೆ ಬರೆದರು: ಕಸ್ತೂರಿ ಎರಡು ಸಲ ಬಿಡುವುದಿಲ್ಲ ಎಂದಳು, ಸಹಿ ಮಾಡಲಿಲ್ಲ, ಗೇಟಿನೊಳಗೆ ಕಾಲಿಡಬೇಡ ಎಂದದ್ದು ಮಾಲೀಕರು, ಶಾಯಿ ಸುರಿದುಕೊಂಡದ್ದು ಗುಮಾಸ್ತ ತಾನಾಗಿ. "ಬೇರೆಯಾದವು" ಹೋಗಿ "ತೆಗೆದುಹಾಕಿದರು" ಆಯಿತು.

ಲೈನ್ ಮನೆ ಉಳಿಯಿತು. ಕಾರ್ಖಾನೆಯಲ್ಲಿ ಆಗಬೇಕಿದ್ದ ವಿಚಾರಣೆಯೂ ನಡೆದು ಎರಡು ತಿಂಗಳಿಗೆ ಕಸ್ತೂರಿ ಕೆಲಸಕ್ಕೂ ಮರಳಿದಳು, ತೊಟ್ಟಿಗಲ್ಲ, ಡಬ್ಬಿಗೆ ಚೀಟಿ ಅಂಟಿಸುವ ಕಡೆಗೆ. ಅದನ್ನು ಕೇಳಿ ಊರವರು ನನಗೆ, ಎಲ್ಲ ಒಳ್ಳೆಯದಾಯಿತಲ್ಲ ಅಕ್ಕೋರ ಎಂದರು. ಏನು ಒಳ್ಳೆಯದಾಯಿತು? ತೊಟ್ಟಿಯ ಮೇಲೆ ಉಳಿದ ಹತ್ತು ಹೆಂಗಸರಿಗೆ ಎರಡು ಜೊತೆ ಗವಸು ಬಂದಿವೆ. ಸರತಿಯ ಮೇಲೆ ಹಾಕಿಕೊಳ್ಳುತ್ತಾರೆ. ಕಸ್ತೂರಿಯ ತಾಯಿಗೆ ಈಗಲೂ ಮಗಳೇ ಉಣಿಸಬೇಕು. ಫಕೀರವ್ವನ ಹೆಸರಿನ ಮೇಲಿನ ಕಾಟು ಆ ಪುಟದಲ್ಲಿ ಹಾಗೆಯೇ ಇದೆ, ನಾನು ಹೊಡೆದದ್ದು.

ದಾಖಲೆ ಮನೆಯ ಬೀಗದ ಕೈ, ಪುಸ್ತಕಗಳು, ಮುದ್ರೆ ಎಲ್ಲವನ್ನೂ ಹೊಸ ಬರಹಗಾರನಿಗೆ ಒಪ್ಪಿಸಲು ನನಗೆ ಕಾಗದ ಬಂತು. ಊರಿನಲ್ಲಿ ಇನ್ನೊಬ್ಬ ರಸಾಯನಶಾಸ್ತ್ರದವರು ಇಲ್ಲದ್ದರಿಂದ ನನ್ನ ಜಾಗಕ್ಕೆ ಬಂದವರು ನಮ್ಮದೇ ಶಾಲೆಯ ಗಣಿತದ ಮಾಸ್ತರರು. ಒಪ್ಪಿಸುವ ದಿನ ಬೆಳಿಗ್ಗೆ ನನಗೆ ಎಂದೂ ಇಲ್ಲದ ಹೆದರಿಕೆಯಾಯಿತು. ಹದಿನಾಲ್ಕು ವರ್ಷ ಕಾಲಿಟ್ಟ ಮನೆಯ ಮೆಟ್ಟಿಲು ಹತ್ತದೆ ರಸ್ತೆಯಲ್ಲೇ ನಿಂತೆ. ಎದುರಿನ ಬಳೆ ಅಂಗಡಿಯ ಕಟ್ಟೆಯ ಮೇಲೆ ಫಕೀರವ್ವ ಕೂತಿದ್ದಳು. ನಾನು ಕರೆದಿರಲಿಲ್ಲ.

"ಯಾರ ಜೊತಿಗೆ ಬಂದಿ ಫಕೀರವ್ವ?" ಎಂದು ಕೇಳಿದೆ.

"ನಡೀರಿ," ಎಂದಳು.

ಒಳಗೆ ಆಕೆ ಗೋಡೆಯ ಪಕ್ಕದ ಬೆಂಚಿನ ಮೇಲೆ ಕೂತಳು. ನಾನು ಬೀಗದ ಕೈ ಕೊಟ್ಟೆ, ಮುದ್ರೆ ಕೊಟ್ಟೆ, ಸಹಿ ಮಾಡಿದೆ. ಗಣಿತದ ಮಾಸ್ತರರು ಪುಸ್ತಕ ತೆರೆದು, ಹೊಸಬರ ಎಚ್ಚರಿಕೆಯಿಂದ, ಎಡಗಡೆ ನನ್ನ ಹೆಸರು ಬರೆದರು, ಕೆಳಗೆ ಫಕೀರವ್ವನ ಹೆಸರು ಬರೆದರು. ಬಲಗಡೆಯೂ ಬರೆದರು. ಆಮೇಲೆ ಪೆನ್ನನ್ನು ಎಡಗಡೆಯ ಎರಡನೆಯ ಸಾಲಿನ ಆರಂಭಕ್ಕೆ ತಂದರು. ನಾನು ಕೈ ಚಾಚಿ ಅಂಗೈಯನ್ನು ಆ ಹೆಸರಿನ ಮೇಲೆ ಊರಿದೆ.

"ಕೈ ತಗೀರಿ ಅಕ್ಕೋರ," ಎಂದರು. "ಶಾಯಿ ಇನ್ನೂ ಹಸಿ ಐತಿ."

ತೆಗೆಯಲಿಲ್ಲ.